ಗುರುವಿನ ಮೌನ, ಮೊಬೈಲಿನ ಮಾತು

"ಅಮ್ಮಾ, ನಿನ್ನ ಹಳೇ ಗುರುಗಳು!" ಎಂದು ಬರೆದು ಮಗಳು ವಾಟ್ಸ್‌ಆಪ್‌ನಲ್ಲಿ ಒಂದು ತುಣುಕು ಕಳಿಸಿದ್ದಳು. ಒಗ್ಗರಣೆ ಸೀಯದಿರಲೆಂದು ಒಲೆ ಸಣ್ಣ ಮಾಡಿ ನೋಡಿದೆ. ಬಿಳಿ ಗಡ್ಡ, ತಲೆಗೊಂದು ಟೋಪಿ, ರೆಪ್ಪೆ ಬಡಿಯದ ಆ ಕಣ್ಣು. ಓಶೋ ರಜನೀಶ್! ಅರ್ಧ ನಿಮಿಷದ ಮಾತು, ಹಿಂದೆ ಯಾರೋ ಸೇರಿಸಿದ ಕೊಳಲು. ಮುಗಿಯಿತು ಎನ್ನುವಷ್ಟರಲ್ಲಿ ಅದೇ ತುಣುಕು ಮತ್ತೆ ಮೊದಲಿನಿಂದ ಶುರುವಾಯಿತು.

"ಇವರು ಈಗ ಇದ್ದಿದ್ದರೆ ಹಿಡಿಯುವವರೇ ಇರುತ್ತಿರಲಿಲ್ಲ, ಅಲ್ವಾ?" ಎಂದೂ ಕೇಳಿದ್ದಳು. ಹೌದೆಂದು ಬರೆಯಹೊರಟವಳು ಯಾಕೋ ನಿಂತುಬಿಟ್ಟೆ.

ನಾನು ಅವರನ್ನು ಕಂಡವಳಲ್ಲ. 1990ರ ಜನವರಿ 19ರಂದು ಅವರು ಪುಣೆಯಲ್ಲಿ ತೀರಿಕೊಂಡ ಮೇಲೆ, ಅಲ್ಲಿಗೆ ಹೋಗಿಬರುತ್ತಿದ್ದ ನನ್ನ ಮೈದುನ ಒಂದಷ್ಟು ಹಿಂದಿ ಕ್ಯಾಸೆಟ್ಟುಗಳನ್ನು ತಂದುಕೊಟ್ಟಿದ್ದ. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಕೋಣೆಯ ಬಾಗಿಲು ಹಾಕಿಕೊಂಡು ಕೇಳುತ್ತಿದ್ದೆ. ಹಿಂದಿ ಪರೀಕ್ಷೆಗಳಿಗೆ ಕಟ್ಟಿ ಕಲಿತ ನನ್ನ ಅರೆಬರೆ ಹಿಂದಿಗೂ ಅವರ ಮಾತು ದಕ್ಕುತ್ತಿತ್ತು, ಅಷ್ಟು ನಿಧಾನ. ಕಬೀರನನ್ನೋ ಮೀರಾಳನ್ನೋ ಎತ್ತಿಕೊಳ್ಳುವರು, ನಡುವೆ ಮುಲ್ಲಾ ನಸ್ರುದ್ದೀನನ ಒಂದು ಚೇಷ್ಟೆ, ಆಮೇಲೆ ಸುಮ್ಮನಾಗುವರು. ಟೇಪು ಸುತ್ತುತ್ತಲೇ ಇರುತ್ತಿತ್ತು. ಹಕ್ಕಿಯ ದನಿ ಕೇಳುತ್ತಿತ್ತು. ಮಾತಿಗಿಂತ ಈ ಬಿಡುವಿಗಾಗಿಯೇ ನಾನು ಕಾಯುತ್ತಿದ್ದೆನೆಂದು ಈಗ ಅನ್ನಿಸುತ್ತದೆ. ಅತ್ತೆ, ಮಾವ, ನೆಂಟರಿಷ್ಟರು ತುಂಬಿದ ಮನೆಯಲ್ಲಿ ಯಾರೂ ನನ್ನಿಂದ ಏನನ್ನೂ ಕೇಳದ ಗಳಿಗೆ ಅದೊಂದೇ ಇತ್ತು.

ಹಾಗೆ ನೋಡಿದರೆ ಓಶೋ ಮೊದಲಿನಿಂದಲೂ ಯಂತ್ರವನ್ನು ನೆಚ್ಚಿದ ಗುರು. ಅವರ ಹೆಸರಿನಲ್ಲಿರುವ ನೂರಾರು ಪುಸ್ತಕಗಳಲ್ಲಿ ಹೆಚ್ಚಿನವು ಕೂತು ಬರೆದವಲ್ಲ. ಪ್ರವಚನಗಳನ್ನು ಧ್ವನಿಮುದ್ರಿಸಿ ಅಕ್ಷರಕ್ಕಿಳಿಸಿದವು. ಅಂಥವರಿಗೆ ಮೊಬೈಲು ವರವೇ ಅಲ್ಲವೆ? ಅಲ್ಲವೆಂದು ನನ್ನ ಅನಿಸಿಕೆ. ಅರ್ಧ ನಿಮಿಷದ ತುಣುಕು ಮೊದಲು ಕತ್ತರಿಸುವುದೇ ಆ ಬಿಡುವನ್ನು. ಬಿಡುವು ಹೋದರೆ ಉಳಿಯುವುದು ಕ್ಯಾಲೆಂಡರಿನ ಹಾಳೆಯ ಮೇಲಿನ ಸುಭಾಷಿತ. ಇನ್ನೊಂದು ಮಾತು. ಇವತ್ತು ಹೇಳಿದ್ದನ್ನು ನಾಳೆ ತಾವೇ ಅಲ್ಲಗಳೆಯುವುದು ಅವರ ರೀತಿ, ಅದರ ಬಗ್ಗೆ ಅವರಿಗೆ ಹೆಮ್ಮೆಯೂ ಇತ್ತು. ಎರಡನ್ನೂ ಕೇಳಿದವರು ತಲೆ ಕೆಡಿಸಿಕೊಂಡು ಯೋಚಿಸಬೇಕಾಗುತ್ತಿತ್ತು. ಈಗ ಎರಡೂ ಬೇರೆ ಬೇರೆ ತುಣುಕುಗಳು. ಸಂಸಾರ ಸಾಕಾದವರಿಗೆ ಒಂದು, ಸಂಸಾರ ಬೇಕಾದವರಿಗೆ ಇನ್ನೊಂದು. ಯಾರೂ ಯೋಚಿಸಬೇಕಾಗಿಲ್ಲ!

ಅವರ ಮೌನದ ಕತೆ ಇಲ್ಲಿಗೇ ಮುಗಿಯುವುದಿಲ್ಲ. 1981ರಲ್ಲಿ ಅಮೆರಿಕಕ್ಕೆ ಹೋದ ಅವರು 1984ರ ಅಕ್ಟೋಬರ್‌ವರೆಗೆ ಸಾರ್ವಜನಿಕವಾಗಿ ಮಾತನಾಡಲಿಲ್ಲ. ಆರೆಗಾನ್ ರಾಜ್ಯದಲ್ಲಿ ಸುಮಾರು 64,000 ಎಕರೆಯ ಜಾಗದಲ್ಲಿ ಶಿಷ್ಯರು ರಜನೀಶ್‌ಪುರಂ ಎಂಬ ಊರನ್ನೇ ಕಟ್ಟುತ್ತಿದ್ದರು. ಗುರುಗಳ ಬಾಯಾಗಿದ್ದವಳು ಮಾ ಆನಂದ ಶೀಲಾ. ಹತ್ತು ದಿನ ಕಾಣಿಸದಿದ್ದರೆ ಮರೆತೇಬಿಡುವ ಮೊಬೈಲಿನ ಕಾಲದಲ್ಲಿ ಅಂಥ ಮೌನ ಯಾವ ಗುರುವಿಗೂ ಸಾಧ್ಯವಿಲ್ಲ ಎಂದು ಹಲುಬಬಹುದು. ಆದರೆ ಆ ಮೌನದ ಹಿಂದೆ ಏನೇನು ನಡೆಯಿತು? 1984ರ ಸೆಪ್ಟೆಂಬರ್‌ನಲ್ಲಿ, ಸ್ಥಳೀಯ ಚುನಾವಣೆಗೆ ಮುಂಚೆ, ಹತ್ತಿರದ ದ ಡ್ಯಾಲ್ಸ್ ಎಂಬ ಊರಿನ ಹೋಟೆಲುಗಳಲ್ಲಿ ಸಾಲಡ್‌ಗೆ ರೋಗಾಣು ಬೆರೆಸಲಾಯಿತು. 751 ಜನ ಕಾಯಿಲೆ ಬಿದ್ದರು. ಸುಮಾರು ಒಂದು ವರ್ಷದ ಮೇಲೆ, ಶೀಲಾ ಊರು ಬಿಟ್ಟ ನಂತರ, ಓಶೋ ಪತ್ರಕರ್ತರನ್ನು ಕರೆದು ಇದೆಲ್ಲ ಅವಳ ಗುಂಪಿನ ಕೆಲಸ, ತಮಗೇನೂ ಗೊತ್ತಿರಲಿಲ್ಲ ಎಂದರು. ಎಲ್ಲವನ್ನೂ ಬಲ್ಲವರೆಂದು ನಂಬಿಸಿಕೊಂಡವರು ಮನೆಯೊಳಗಿನದನ್ನು ಅರಿಯದಿದ್ದರೆ ಅದು ಎಂಥ ಜ್ಞಾನ? ಅರಿತಿದ್ದರೆ ಅದು ಎಂಥ ಮೌನ?

ಪ್ರತಿ ಸಂನ್ಯಾಸಿನಿಯ ಕೈಯಲ್ಲೂ ಮೊಬೈಲು ಇದ್ದಿದ್ದರೆ ಇದು ಬೇಗ ಬಯಲಾಗುತ್ತಿತ್ತೆ? ಇರಬಹುದು. ಆದರೆ ಕದ್ದು ಕೇಳುವ ಯಂತ್ರಗಳು ಆ ಊರಿನಲ್ಲಿ ಆಗಲೇ ಇದ್ದವು. ತಮ್ಮವರ ಮಾತನ್ನೇ ಕದ್ದಾಲಿಸಿದ್ದು ಶೀಲಾ ಒಪ್ಪಿಕೊಂಡ ಅಪರಾಧಗಳಲ್ಲಿ ಒಂದು. ಯಂತ್ರ ಯಾರ ಕೈಯಲ್ಲಿದೆಯೋ ಅವರಿಗಾಗಿ ಕೇಳಿಸಿಕೊಳ್ಳುತ್ತದೆ.

ಈ ಕತೆಯನ್ನು ಹೊಸ ಪೀಳಿಗೆಗೆ ತಲುಪಿಸಿದ್ದು 2018ರ 'ವೈಲ್ಡ್ ವೈಲ್ಡ್ ಕಂಟ್ರಿ' ಎಂಬ ಆರು ಕಂತುಗಳ ನೆಟ್‌ಫ್ಲಿಕ್ಸ್ ಸಾಕ್ಷ್ಯಚಿತ್ರ. ಮೂರು ರಾತ್ರಿ ಕೂತು ನೋಡಿದೆ. ಬಿಗಿಯಾಗಿದೆ, ಬಿಡದೆ ನೋಡಿಸಿಕೊಳ್ಳುತ್ತದೆ. ಬೆಳ್ಳಿಗೂದಲ ಶೀಲಾ ಬಂದು ಕೂತರೆ ಕಣ್ಣು ಕೀಳಲಾಗುವುದಿಲ್ಲ. ಗಂಡಸರ ಸಭೆಯಲ್ಲಿ ಹೆದರದೆ ಮಾತನಾಡಿದ ಹೆಂಗಸೆಂದು ನನಗೂ ಒಳಗೊಳಗೇ ಖುಷಿಯಾಯಿತು. ಆ 751 ಜನರ ನೆನಪಾಗಿ ನಾಚಿಕೆಯೂ ಆಯಿತು. ಆದರೆ ಆ ಚಿತ್ರದ ನಿಜವಾದ ಕೊರತೆ ಬೇರೆ. ಗುರು, ಶೀಲಾ, ವಕೀಲರು, ಊರಿನ ರೈತರು ಎಲ್ಲರಿಗೂ ಅಲ್ಲಿ ಜಾಗ ಸಿಕ್ಕಿದೆ. ಕೆಂಪು ಬಟ್ಟೆ ತೊಟ್ಟ ತಂದೆತಾಯಿಯರ ಬೆನ್ನಿಗೆ ಬಂದ ಮಕ್ಕಳನ್ನು ಮಾತ್ರ ಯಾರೂ ಕೇಳಲಿಲ್ಲ.

ಕೇಳಿದ್ದು 2024ರ 'ಚಿಲ್ಡ್ರನ್ ಆಫ್ ದ ಕಲ್ಟ್' ಎಂಬ ಸಾಕ್ಷ್ಯಚಿತ್ರ. ಆ ಕಮ್ಯೂನುಗಳಲ್ಲಿ ಬೆಳೆದ ಹೆಂಗಸರು, ಎಳೆಯ ವಯಸ್ಸಿನಲ್ಲಿ ದೊಡ್ಡವರಿಂದ ತಮ್ಮ ಮೈಮೇಲೆ ನಡೆದ ದೌರ್ಜನ್ಯವನ್ನು ಅದರಲ್ಲಿ ಹೇಳುತ್ತಾರೆ. ನಿರ್ದೇಶಿಸಿದವರಲ್ಲಿ ಒಬ್ಬಾಕೆ ತಾನೇ ಅಂಥ ಮಗುವಾಗಿದ್ದವಳು. ಬಿಡುಗಡೆ ಎಂಬ ಹೆಸರಿನಲ್ಲಿ ದೊಡ್ಡವರು ಕಣ್ಣು ಮುಚ್ಚಿ ಕೂತಾಗ ಮಕ್ಕಳು ಎಲ್ಲಿದ್ದರು ಎಂಬ ಪ್ರಶ್ನೆಗೆ ಹತ್ತಾರು ವರ್ಷ ತಡವಾಗಿ ಬಂದ ಉತ್ತರ ಅದು.

ಅದನ್ನು ನೋಡಿದ ರಾತ್ರಿ ನನ್ನ ಕೋಣೆಯ ಬಾಗಿಲು ನೆನಪಾಯಿತು. ಒಳಗೆ ಕ್ಯಾಸೆಟ್ಟು, ಹೊರಗೆ ನಾಲ್ಕು ವರ್ಷದ ಮಗಳು ಬಾಗಿಲು ಬಡಿಯುತ್ತಿದ್ದಳು. "ಸುಮ್ನಿರೇ, ಒಂದು ಗಳಿಗೆ ಶಾಂತಿ ಇಲ್ಲ" ಎಂದು ಸಿಡುಕುತ್ತಿದ್ದೆ. ಆ ಒಂದು ಗಂಟೆ ನನಗೆ ಬೇಕಿತ್ತು. ಅದಕ್ಕೆ ಈಗಲೂ ಪಶ್ಚಾತ್ತಾಪವಿಲ್ಲ. ಹಸಿದವಳಿಗೆ ಅನ್ನವಿಟ್ಟ ಹಾಗೆ ಆ ದನಿ ನನಗೆ ಒದಗಿತ್ತು, ಅದನ್ನು ಸುಳ್ಳೆನ್ನಲಾರೆ. ಆದರೆ ಬಾಗಿಲಾಚೆ ಯಾರಿದ್ದಾರೆಂದು ಆ ದನಿ ನನ್ನನ್ನು ಒಮ್ಮೆಯೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಮಗಳಿಗೆ ಉತ್ತರ ಬರೆದೆ: "ಅವರ ತುಣುಕುಗಳು ಚೆನ್ನಾಗಿ ಬಾಳುತ್ತವೆ. ಅವರು ಬಾಳುತ್ತಿದ್ದರೋ ಇಲ್ಲವೋ. ಹಿಂದೆ ಗುರುವಿನ ಕೈಯಲ್ಲಿ ಮೈಕು, ಉಳಿದವರ ಕೈ ಬರಿದು. ಈಗ ಮಕ್ಕಳ ಕೈಗೂ ಮೈಕು ಬಂದಿದೆ." ಸ್ವಲ್ಪ ಹೊತ್ತು ಬಿಟ್ಟು, "ನೀನು ಬಾಗಿಲು ಬಡಿಯುತ್ತಿದ್ದದ್ದು ನೆನಪಿದೆಯಾ?" ಎಂದೂ ಕೇಳಿದೆ.

"ಇದೆ" ಎಂದು ಬಂತು. ಕೆಳಗೆ ಹೃದಯದ ಚಿತ್ರವೇನೂ ಇರಲಿಲ್ಲ. ಒಲೆ ಆರಿಸಿ, ಫೋನು ಹಚ್ಚಿ, "ಹೇಳು" ಅಂದೆ.