ಸುತ್ತುವುದಕ್ಕೆ ಮುಂಚಿನ ಅರ್ಧ ಗಂಟೆ

ಬಿಳಿ ನಿಲುವಂಗಿ, ಉದ್ದನೆಯ ಟೋಪಿ, ಬುಗುರಿ ಹಾಗೆ ತಿರುಗುವ ಮನುಷ್ಯ. ಟರ್ಕಿಗೆ ಹೋಗಿ ಬಂದ ಯಾರದೇ ಇನ್‌ಸ್ಟಾಗ್ರಾಮ್ ತೆಗೆದು ನೋಡಿ, ಕಪ್ಪಡೋಕಿಯಾದ ಬಲೂನಿನ ಫೋಟೋ ಆದ ಮೇಲೆ ಬರೋದು ಈ ರೀಲೇ. ಕೆಳಗೆ ರೂಮಿಯದು ಅಂತ ಒಂದು ಇಂಗ್ಲಿಷ್ ಸಾಲು. ರೂಮಿ ಬರೆದದ್ದು ಪಾರಸಿಯಲ್ಲಿ. ನಾವು ಸ್ಟೇಟಸ್ ಹಾಕಿಕೊಳ್ಳುವ ಇಂಗ್ಲಿಷ್ ರೂಮಿಯನ್ನು ಜನಪ್ರಿಯಗೊಳಿಸಿದ ಕೋಲ್ಮನ್ ಬಾರ್ಕ್ಸ್ ಪಾರಸಿ ಬಲ್ಲವರಲ್ಲ, ಬೇರೆಯವರ ಇಂಗ್ಲಿಷ್ ಅನುವಾದಗಳನ್ನು ಎದುರಿಗಿಟ್ಟುಕೊಂಡು ಹೊಸದಾಗಿ ಬರೆದವರು. ಅದು ಬೇರೆಯದೇ ಜಗಳ, ಇರಲಿ. ನನ್ನ ತಕರಾರು ಆ ರೀಲಿನ ಬಗ್ಗೆ. ಅದರಲ್ಲಿ ಕಾಣುವ ಸುತ್ತಾಟ ಇದೆಯಲ್ಲ, ಇಡೀ ಸೆಮಾದಲ್ಲಿ ಕ್ಯಾಮೆರಾಕ್ಕೆ ಸಿಗೋದು ಅದೊಂದೇ.

ಸೆಮಾ ಅನ್ನುವ ಪದಕ್ಕೂ ಸುತ್ತುವುದಕ್ಕೂ ಸಂಬಂಧವೇ ಇಲ್ಲ. ಅರಬ್ಬಿ ಮೂಲದ ಆ ಮಾತಿನ ಅರ್ಥ ಕೇಳುವುದು, ಕಿವಿಗೊಡುವುದು. ನಮಗೂ ಇದು ಅಪರಿಚಿತ ಪದವೇನಲ್ಲ. ಚಿಶ್ತಿ ಸೂಫಿಗಳು ಕವ್ವಾಲಿಯ ಕೂಟವನ್ನು 'ಸಮಾ' ಅಂತಲೇ ಕರೆಯುತ್ತಾರೆ. ರೂಮಿ ತೀರಿಕೊಂಡದ್ದು 1273ರ ಡಿಸೆಂಬರ್ 17ರಂದು, ಕೊನ್ಯಾ ಊರಿನಲ್ಲಿ. ಆ ರಾತ್ರಿಗೆ ತುರ್ಕರು ಇಟ್ಟ ಹೆಸರು 'ಶೆಬ್-ಇ ಅರೂಸ್', ಮದುವೆಯ ರಾತ್ರಿ. ಸತ್ತದ್ದು ಅಂದರೆ ಪ್ರಿಯನನ್ನು ಸೇರಿದ್ದು ಅನ್ನುವ ಲೆಕ್ಕ. ಕಲಬುರಗಿಯ ಬಂದೇ ನವಾಜ್ ದರ್ಗಾದಲ್ಲಿ ವರ್ಷಾ ವರ್ಷ ನಡೆಯುವ 'ಉರುಸು' ಕೂಡ ಇದೇ ಬೇರಿನ ಪದ, ಮದುವೆ ಅಂತಲೇ ಅರ್ಥ. ಇನ್ನು ನಮ್ಮ ಕಡೆ ಅಜ್ಜಿಯಂದಿರು ಬೈಯೋಕೆ ಬಳಸುವ 'ದರಬೇಸಿ', ಈ ದರ್ವೇಶಿಯೇ!

ಅಂದರೆ ಸೆಮಾ ಕೇಳುವ ಆಚರಣೆ. ಅದನ್ನು ನೋಡುವ ಆಚರಣೆಯಾಗಿ ಹೇಗೆ ತಿರುಗಿಸಿದರು ಅನ್ನೋದಕ್ಕೆ ಇಸ್ತಾಂಬುಲ್‌ನ ಹಳೇ ಪೇಟೆಯ ಒಂದು ಸಂಜೆಯ ಶೋ ಸಾಕು. ಹೆಸರು ಬೇಡ, ಆ ಓಣಿಗಳಲ್ಲಿ ಅಂಥವು ಹಲವಿವೆ. ಟಿಕೆಟ್ಟಿನ ಜೊತೆ ಶರಬತ್ತು, ಎರಡು ತುಂಡು ಲೋಕುಂ ಮಿಠಾಯಿ. ಒಟ್ಟು 45 ನಿಮಿಷ. ಗೋಡೆಯ ಮೇಲೆ ನಕ್ಷತ್ರಗಳನ್ನು ಪ್ರೊಜೆಕ್ಟ್ ಮಾಡಿದ್ದರು. ಕೊಳಲು ಎರಡು ನಿಮಿಷ ಊದಿತೋ ಇಲ್ಲವೋ, ಐದು ಜನ ಕರಿ ಬಟ್ಟೆ ಕಳಚಿ ಸುತ್ತೋಕೆ ಶುರು. ನೀಲಿ ಲೈಟು, ಆಮೇಲೆ ನೇರಳೆ ಲೈಟು. ಸುತ್ತಿದವರಲ್ಲಿ ಇಬ್ಬರು ನಿಜಕ್ಕೂ ಚೆನ್ನಾಗಿ ಪಳಗಿದವರು, ಅದನ್ನು ಹೇಳಲೇಬೇಕು. ಆದರೆ ಅವರು ಯಾವುದಕ್ಕೆ ಸುತ್ತುತ್ತಿದ್ದಾರೆ ಅಂತ ಗೊತ್ತಾಗುವ ಮೊದಲೇ ಚಪ್ಪಾಳೆ ಬಿತ್ತು. ಪಕ್ಕದ ಕುರ್ಚಿಯವರು ಮುಂದಿನ ಬುಕಿಂಗ್ ನೋಡಿಕೊಳ್ಳುತ್ತಿದ್ದರು. ಊಟ ಬಡಿಸುವ ಹೋಟೆಲುಗಳಲ್ಲಿ ಮೇಜುಗಳ ಮಧ್ಯೆ ಒಬ್ಬನೇ ಒಬ್ಬ ಸುತ್ತುವುದೂ ಉಂಟು. ಅದರ ಬಗ್ಗೆ ವಿಮರ್ಶೆ ಬರೆಯುವ ಅಗತ್ಯ ಕಾಣಲಿಲ್ಲ.

ಕೊನ್ಯಾಕ್ಕೆ ಇಸ್ತಾಂಬುಲ್‌ನಿಂದ ವೇಗದ ರೈಲಿದೆ. ಅಲ್ಲಿನ ಮೆವ್ಲಾನಾ ಸಾಂಸ್ಕೃತಿಕ ಕೇಂದ್ರದಲ್ಲಿ ಶನಿವಾರದ ರಾತ್ರಿ ಸೆಮಾ ನಡೆಯುತ್ತೆ. ದುಂಡನೆಯ ದೊಡ್ಡ ಸಭಾಂಗಣ. ಶುರುವಾಗುವ ಮೊದಲೇ ಮೈಕಿನಲ್ಲಿ ಹೇಳಿಬಿಡ್ತಾರೆ: ಚಪ್ಪಾಳೆ ತಟ್ಟಬೇಡಿ.

ಮೊದಲು ಬರುವುದು ಒಬ್ಬನೇ ಗಾಯಕನ ದನಿ. ಪ್ರವಾದಿಯನ್ನು ಕುರಿತ ಸ್ತುತಿ, 17ನೇ ಶತಮಾನದ ಇತ್ರಿ ಎಂಬ ವಾಗ್ಗೇಯಕಾರ ರಾಗ ಹಾಕಿದ್ದು. ತಾಳವಾದ್ಯ ಇಲ್ಲ, ಅವಸರ ಇಲ್ಲ. ಒಂದೊಂದು ಅಕ್ಷರವನ್ನು ಎಷ್ಟು ದೂರ ಎಳೆಯುತ್ತಾನೆಂದರೆ ಪದ ಎಲ್ಲಿ ಮುಗೀತು ಅನ್ನೋದೇ ತಿಳಿಯಲ್ಲ. ನನಗೆ ಮೊದಲ ಐದು ನಿಮಿಷ ಚಡಪಡಿಕೆ, ಆಮೇಲೆ ಬೇಸರ, ಆಮೇಲೆ ಬೇಸರವೂ ಹೋಯಿತು. ದರ್ವೇಶಿಗಳು ಆ ಹೊತ್ತೆಲ್ಲ ಕುರಿಚರ್ಮದ ಮೇಲೆ ತಲೆ ತಗ್ಗಿಸಿ ಸುಮ್ಮನೆ ಕೂತಿರ್ತಾರೆ. ನಂತರ ಕುದುಮ್ ಎಂಬ ಜೋಡಿ ನಗಾರಿಯ ಪೆಟ್ಟು. ಸೃಷ್ಟಿಯಾಗಲಿ ಅಂತ ದೇವರು ಆಡಿದ ಮಾತಿನ ಸಂಕೇತ ಅದು. ಅದರ ಹಿಂದೆಯೇ 'ನೆಯ್' ಕೊಳಲಿನ ಆಲಾಪ. ಜೊಂಡಿನ ಕೊಳಲು, ತುದಿಯನ್ನು ತುಟಿಗೆ ಓರೆಯಾಗಿ ಇಟ್ಟು ಊದುವಂಥದ್ದು. ಸ್ವರಕ್ಕಿಂತ ಮೊದಲು ಉಸಿರು ಕೇಳಿಸುತ್ತೆ. ನಮ್ಮ ಬಾನ್ಸುರಿಯ ದುಂಡು ದನಿಯಲ್ಲ, ಅದರಲ್ಲಿ ಒಂದು ಸೀಳು ಇದೆ.

ಆಮೇಲೆ ನಡಿಗೆ. ಇದೇ ನನ್ನ ಪ್ರಕಾರ ಇಡೀ ಸೆಮಾದ ಜೀವ. ಎಲ್ಲರೂ ಎದ್ದು ನಿಧಾನವಾಗಿ ವೃತ್ತದಲ್ಲಿ ಮೂರು ಸುತ್ತು ನಡೀತಾರೆ. ಶೇಖ್ ಕೂರುವ ಕೆಂಪು ಚರ್ಮದ ಹತ್ತಿರ ಬಂದಾಗ ಮುಂದಿನವನು ತಿರುಗುತ್ತಾನೆ, ಹಿಂದಿನವನ ಮುಖವನ್ನೇ ನೋಡುತ್ತಾನೆ, ಇಬ್ಬರೂ ಒಟ್ಟಿಗೆ ತಲೆಬಾಗುತ್ತಾರೆ. ನಂತರ ಹಿಂದಿನವನು ತನ್ನ ಹಿಂದಿನವನಿಗೆ. ಹೀಗೆ ಪ್ರತಿಯೊಬ್ಬರಿಗೂ, ಮೂರು ಸಲ. ಈ ವಿಧಿಗೆ, ಇಡೀ ಸೆಮಾಕ್ಕೂ, ಹಳೆಯ ಹೆಸರು 'ಮುಕಾಬೆಲೆ'. ಪ್ರಭುದೇವ ಕುಣಿದದ್ದರಿಂದ ನಮಗೆಲ್ಲ ಬಾಯಿಪಾಠವಾದ ಮುಕಾಬಲಾ ಇದೇ ಪದ. ಹಿಂದಿಯಲ್ಲಿ ಅದು ಪೈಪೋಟಿ. ಇಲ್ಲಿ ಎದುರುಬದುರಾಗುವುದು, ಅಷ್ಟೇ. ಆಫೀಸಿನಲ್ಲಿ ವರ್ಷಗಟ್ಟಲೆ ಪಕ್ಕದಲ್ಲಿ ಕೂತವರ ಮುಖವನ್ನು ಅಷ್ಟು ಹೊತ್ತು ನಾನಂತೂ ನೋಡಿಲ್ಲ.

ಇದೆಲ್ಲ ಆಗೋಕೆ ಹೆಚ್ಚೂಕಡಿಮೆ ಅರ್ಧ ಗಂಟೆ. ಆಗ ಕರಿ ನಿಲುವಂಗಿ ಕಳಚುತ್ತಾರೆ. ಕರಿಯದು ಗೋರಿ, ಒಳಗಿನ ಬಿಳಿಯದು ಕಫನ್ನಿನ ಬಟ್ಟೆ, ತಲೆಯ ಮೇಲಿನ ಕಂದು ಟೋಪಿ ಗೋರಿಕಲ್ಲು. ತನ್ನದೇ ಸಾವನ್ನು ತೊಟ್ಟುಕೊಂಡು ಬಂದ ಮನುಷ್ಯ ಗೋರಿಯಿಂದ ಎದ್ದು ಬರ್ತಾನೆ ಅಂತ ಅರ್ಥ. ನಡಿಗೆ ನೋಡದವನಿಗೆ ಇದು ಬರೀ ಬಟ್ಟೆ ಬದಲಾಯಿಸುವ ದೃಶ್ಯ. ಸುತ್ತುವಾಗ ಎಡಗಾಲು ನೆಲ ಬಿಡೋದಿಲ್ಲ, ಅದು ಕಂಬ, ಬಲಗಾಲು ಚಕ್ರ. ಬಲ ಅಂಗೈ ಮೇಲಕ್ಕೆ, ಎಡ ಅಂಗೈ ಕೆಳಕ್ಕೆ. ಮೇಲಿನಿಂದ ಪಡೆದದ್ದನ್ನು ಕೆಳಗೆ ಕೊಡುವುದು, ತನಗೆ ಏನೂ ಇಟ್ಟುಕೊಳ್ಳದಿರುವುದು. ನಾಲ್ಕು ಭಾಗ, ನಡುನಡುವೆ ನಿಲುಗಡೆ. ನಾಲ್ಕನೆಯದರಲ್ಲಿ ಶೇಖ್ ಕೂಡ ತನ್ನ ಕರಿಯಂಗಿಯ ಅಂಚನ್ನು ಹಿಡಿದುಕೊಂಡು ಮೆಲ್ಲಗೆ ಕಣಕ್ಕಿಳಿಯುತ್ತಾನೆ. ಹಾಡಿನ ಸಾಹಿತ್ಯದ ಬಹುಪಾಲು ಪಾರಸಿ. ಹಾಗಾಗಿ ನನ್ನ ಸುತ್ತ ಕೂತಿದ್ದ ತುರ್ಕರಿಗೂ ಮಾತು ಅರ್ಥವಾಗುತ್ತಿರಲಿಲ್ಲ. ಕುರ್‌ಆನ್ ಪಠಣ, ಪ್ರಾರ್ಥನೆ, ಎಲ್ಲರೂ ಹೊರಗೆ. ಚಪ್ಪಾಳೆ ಇಲ್ಲ.

ಇಷ್ಟಕ್ಕೆ ನಿಲ್ಲಿಸಿದರೆ 'ಇಸ್ತಾಂಬುಲ್ ನಕಲಿ, ಕೊನ್ಯಾ ಅಸಲಿ' ಅಂತ ಬರೆದ ಹಾಗಾಗುತ್ತೆ. ಟ್ರಾವೆಲ್ ಬ್ಲಾಗುಗಳು ಬರೆಯೋದು ಅದನ್ನೇ. ವಿಷಯ ಅಷ್ಟು ಸಲೀಸಿಲ್ಲ.

1925ರ ನವೆಂಬರ್ 30ರಂದು ಟರ್ಕಿಯ ಹೊಸ ಗಣರಾಜ್ಯ 677ನೇ ನಂಬರಿನ ಕಾನೂನು ತಂದಿತು. ಎಲ್ಲ ಸೂಫಿ ಮಠಗಳಿಗೂ ಬೀಗ. ಶೇಖ್, ದರ್ವೇಶಿ ಎಂಬ ಬಿರುದು ಇಟ್ಟುಕೊಳ್ಳುವುದೇ ಅಪರಾಧ. ಮೆವ್ಲೇವಿಗಳ ಪೀಠ ಸಿರಿಯಾದ ಅಲೆಪ್ಪೊಗೆ ಹೋಯಿತು. ರೂಮಿಯ ಗೋರಿ ಇರುವ ಮಠ 1927ರಲ್ಲಿ ಮ್ಯೂಸಿಯಂ ಆಯಿತು. 1950ರ ದಶಕದಲ್ಲಿ ಕೊನ್ಯಾದಲ್ಲಿ ಸೆಮಾಕ್ಕೆ ಮತ್ತೆ ಅವಕಾಶ ಸಿಕ್ಕಿದ್ದು ಪ್ರಾರ್ಥನೆಯಾಗಿ ಅಲ್ಲ, ಒಬ್ಬ ಕವಿಯ ಸ್ಮರಣೆಯ ಕಾರ್ಯಕ್ರಮವಾಗಿ. ಮುಂದೆ ವರ್ಷಗಟ್ಟಲೆ ಅದು ನಡೆದದ್ದು ಒಂದು ಕ್ರೀಡಾಂಗಣದ ಒಳಾಂಗಣದಲ್ಲಿ. ಕಾನೂನು ಇವತ್ತಿಗೂ ಇದೆ, ಸಂವಿಧಾನದ 174ನೇ ವಿಧಿಯ ರಕ್ಷಣೆಯಲ್ಲಿದೆ. ಹೀಗಾಗಿ ಕೊನ್ಯಾದ ವೇದಿಕೆಯ ಮೇಲೆ ಶೇಖ್ ಜಾಗದಲ್ಲಿ ನಿಲ್ಲುವ ವ್ಯಕ್ತಿ ಕಾನೂನಿನ ಕಣ್ಣಲ್ಲಿ ಶೇಖ್ ಅಲ್ಲ. ಸಂಸ್ಕೃತಿ ಸಚಿವಾಲಯದ ಕೆಳಗಿನ ಒಂದು ಸೂಫಿ ಸಂಗೀತ ತಂಡವೇ ಅಲ್ಲಿದೆ. ಅಲ್ಲಿನವರಿಗೆ ಸೆಮಾ ಸರ್ಕಾರಿ ಕೆಲಸ.

ಇನ್ನೊಂದು ಕಡೆ ಮ್ಯೂಸಿಯಂಗೆ ಹೋಗಿ ನೋಡಿ. ಹಸಿರು ಗುಮ್ಮಟದ ಕೆಳಗೆ, ಕಾಲಿಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು, ಗೋರಿಯ ಮುಂದೆ ಹೆಂಗಸರು ಗಂಡಸರು ಅಂಗೈ ಬಿಚ್ಚಿ ದುವಾ ಮಾಡುತ್ತಿರುತ್ತಾರೆ. ಗಾರ್ಡು 'ಮುಂದೆ ನಡೀರಿ' ಅಂತಿರ್ತಾನೆ. ವಸ್ತುಸಂಗ್ರಹಾಲಯದಲ್ಲಿ ಪ್ರಾರ್ಥನೆ ನಡೆದಿದೆ, ಪ್ರಾರ್ಥನೆ ನಡೆಯಬೇಕಾದಲ್ಲಿ ಕಾರ್ಯಕ್ರಮ ನಡೆದಿದೆ. ಕೊನ್ಯಾದಲ್ಲಿ ಎರಡು ದಿನ ಇದ್ದು ನೋಡಿದ್ದರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಈ ಅದಲುಬದಲು.

ಆದರೂ ಒಂದು ಮಾತು ಒಪ್ಪಲೇಬೇಕು. 'ಕಾರ್ಯಕ್ರಮ' ಅನ್ನುವ ಹೆಸರಿನ ಮರೆಯಲ್ಲೇ ಸೆಮಾ ಉಳಿಯಿತು. ಆ ಕ್ರೀಡಾಂಗಣ ಇಲ್ಲದಿದ್ದರೆ ಇತ್ರಿಯ ಸ್ತುತಿ, ಮೂರು ಸುತ್ತಿನ ನಡಿಗೆ ಎಲ್ಲ ಹಳೇ ಮನೆಗಳ ಒಳಕೋಣೆಯಲ್ಲೇ ಮುಗಿದುಹೋಗುವ ಅಪಾಯ ಇತ್ತು. ಆದ್ದರಿಂದ ಪ್ರೇಕ್ಷಕರಿದ್ದಾರೆ, ಟಿಕೆಟ್ ಇದೆ ಅನ್ನೋದೇ ತಪ್ಪು ಅಂತ ನಾನು ವಾದಿಸಲಾರೆ. ಯುನೆಸ್ಕೊ 2005ರಲ್ಲಿ ಸೆಮಾವನ್ನು ಮಾನವಕುಲದ ಮೇರುಕೃತಿಗಳಲ್ಲೊಂದು ಅಂತ ಘೋಷಿಸಿತು, 2008ರಲ್ಲಿ ಪಟ್ಟಿಗೆ ಸೇರಿಸಿತು. ವ್ಯಾಪಾರದ ಅನುಕೂಲಕ್ಕೆ ಇದನ್ನು ಮೊಟಕುಗೊಳಿಸಲಾಗುತ್ತಿದೆ ಅನ್ನುವ ಎಚ್ಚರಿಕೆ ಅವರ ವಿವರಣೆಯಲ್ಲೇ ಇದೆ. ಮೊಟಕು ಮಾಡುವುದೇ ಪಾಪವಲ್ಲ. ನಮ್ಮಲ್ಲೂ ಇಡೀ ರಾತ್ರಿಯ ಯಕ್ಷಗಾನ ಕಾಲಮಿತಿಗೆ ಬಂತು. ಅದರಲ್ಲಿ ಒಳ್ಳೆಯ ಪ್ರಯೋಗಗಳನ್ನು ನಾನೇ ನೋಡಿದ್ದೇನೆ. ಪ್ರಶ್ನೆ, ಕತ್ತರಿ ಎಲ್ಲಿ ಬಿತ್ತು ಅನ್ನುವುದು. ಇಸ್ತಾಂಬುಲ್‌ನ ಆ ಶೋನಲ್ಲಿ ಕತ್ತರಿ ಬಿದ್ದದ್ದು ಕೇಳಿಸುವ ಭಾಗಕ್ಕೆ, ಕಾಯಿಸುವ ಭಾಗಕ್ಕೆ, ಒಬ್ಬರ ಮುಖ ಒಬ್ಬರು ನೋಡುವ ಭಾಗಕ್ಕೆ. ಉಳಿದದ್ದು ವ್ಯಾಯಾಮ.

ಕೊನ್ಯಾದ ಡಿಸೆಂಬರ್ ಉತ್ಸವಕ್ಕೆ ಇದಕ್ಕಿಂತ ಬೇರೆ ಕಾಯಿಲೆ. 17ರ ರಾತ್ರಿ ಅಂದರೆ ರಾಷ್ಟ್ರಾಧ್ಯಕ್ಷರು, ಮಂತ್ರಿಗಳು ಬಂದು ಭಾಷಣ ಮಾಡುವ ರಾತ್ರಿ ಅಂತಲೇ ಆಗಿಬಿಟ್ಟಿದೆ. ಒಂದು ಕಾಲಕ್ಕೆ ಬೀಗ ಹಾಕಿದ ಸರ್ಕಾರವೇ ಈಗ ಯಜಮಾನಿಕೆಯ ಕುರ್ಚಿಯಲ್ಲಿ ಕೂತಿದೆ. ನಿಮಗೆ ಹೋಗುವ ಯೋಚನೆಯಿದ್ದರೆ ಆ ರಾತ್ರಿ ಬಿಟ್ಟುಬಿಡಿ, ಯಾವುದಾದರೂ ಸಾಧಾರಣ ಶನಿವಾರ ಹೋಗಿ.

ಶನಿವಾರದ ಸೆಮಾದಲ್ಲೂ ಸಿಗದೇ ಇರುವುದೊಂದಿದೆ, ಅಡುಗೆಮನೆ. ಮೆವ್ಲೇವಿ ಮಠದಲ್ಲಿ ದರ್ವೇಶಿ ತಯಾರಾಗುತ್ತಿದ್ದದ್ದು ಅಲ್ಲಿ. ಸೇರಲು ಬಂದ ಹುಡುಗನನ್ನು ಮೊದಲು ಮೂರು ದಿನ ಅಡುಗೆಮನೆಯ ಬಾಗಿಲ ಬಳಿ ಒಂದು ಚರ್ಮದ ಮೇಲೆ ಕೂರಿಸುತ್ತಿದ್ದರು. ಕೆಲಸ ಮಾಡೋರನ್ನು ನೋಡುತ್ತಾ ಕೂರಬೇಕು. ಮನಸ್ಸಿದ್ದರೆ 1001 ದಿನದ ಸೇವೆ: ಪಾತ್ರೆ, ಕಸ, ಕಕ್ಕಸು, ಬಜಾರು, ದೀಪ. ನಡುವೆ ಬಿಟ್ಟರೆ ಮತ್ತೆ ಒಂದರಿಂದ ಎಣಿಕೆ. ಬೇಡವಾದವನಿಗೆ ಬಾಯಿಬಿಟ್ಟು ಹೇಳುತ್ತಿರಲಿಲ್ಲವಂತೆ. ಅವನ ಚಪ್ಪಲಿಯ ಮೂತಿಯನ್ನು ಬಾಗಿಲ ಕಡೆಗೆ ತಿರುಗಿಸಿ ಇಡುತ್ತಿದ್ದರು. ಎಚ್‌ಆರ್‌ನವರ ಇಮೇಲಿಗಿಂತ ಮರ್ಯಾದೆಯದ್ದು. ಸುತ್ತುವುದನ್ನು ಕಲಿಸುತ್ತಿದ್ದದ್ದೂ ಅಲ್ಲೇ. ಒಂದು ಮರದ ಹಲಗೆ, ನಡುವೆ ಮೊಳೆ, ಎಡಗಾಲಿನ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವೆ ಆ ಮೊಳೆ, ಹಲಗೆಯ ಮೇಲೆ ಉಪ್ಪು. ಸಂಗೀತ, ಓದು, ಸೌದೆ ಒಲೆ ಎಲ್ಲ ಒಂದೇ ಸೂರಿನಡಿ. ಈಗ ಮ್ಯೂಸಿಯಂನ ಅಡುಗೆಮನೆಯಲ್ಲಿ ಮೇಣದ ಗೊಂಬೆಗಳು ಈ ಕೆಲಸಗಳನ್ನೆಲ್ಲ ಮಾಡುತ್ತಾ ನಿಂತಿವೆ. ವೇದಿಕೆಯ ಮೇಲಿನ ಯುವಕರು ಸುತ್ತುವುದನ್ನು ಕಲಿತಿದ್ದಾರೆ, ಸಂಗೀತವನ್ನು ಶುದ್ಧವಾಗಿ ಹಾಡುತ್ತಾರೆ. ಪಾತ್ರೆ ತೊಳೆದು ಕಲಿಯುತ್ತಿದ್ದದ್ದನ್ನು ಮಾತ್ರ ಯಾವ ಸಚಿವಾಲಯವೂ ನೇಮಕಾತಿ ಪತ್ರದಲ್ಲಿ ಬರೆಯೋಕಾಗಲ್ಲ.

ಇಸ್ತಾಂಬುಲ್‌ಗೆ ವಾಪಸ್ ಬಂದ ಮೇಲೆ ಇನ್ನೊಂದು ಸೆಮಾ ನೋಡಿದೆ, ಗಂಡಸರು ಹೆಂಗಸರು ಜೊತೆಗೇ ಸುತ್ತುವ ಗುಂಪಿನದು. ಕೊನ್ಯಾದ ಅಧಿಕೃತ ಕಣದಲ್ಲಿ ಬರೀ ಗಂಡಸರು. ಸಂಪ್ರದಾಯಸ್ಥರು ಈ ಮಿಶ್ರ ಗುಂಪುಗಳನ್ನು ಒಪ್ಪಲ್ಲ, ಹೊಸ ಕಾಲದ ಕಲಬೆರಕೆ ಅಂತಾರೆ. ಆದರೆ 14ನೇ ಶತಮಾನದಲ್ಲಿ ಮೆವ್ಲೇವಿ ಗುರುಗಳ ಚರಿತ್ರೆ ಬರೆದ ಅಫ್ಲಾಕಿ, ಕೊನ್ಯಾದ ಹೆಂಗಸರ ಕೂಟಗಳಿಗೆ ರೂಮಿ ಹೋಗುತ್ತಿದ್ದದ್ದನ್ನೂ ಅಲ್ಲಿ ಸೆಮಾ ನಡೆಯುತ್ತಿದ್ದದ್ದನ್ನೂ ದಾಖಲಿಸಿದ್ದಾನೆ. ಆ ರಾತ್ರಿ ಹಾಲು ಚಿಕ್ಕದು, ಫ್ಯಾನಿನ ಸದ್ದು ಬೇರೆ. ಸುತ್ತಿದವರಲ್ಲಿ ಒಬ್ಬರು ಐವತ್ತು ದಾಟಿದ ಹೆಂಗಸು, ಕೊನ್ಯಾದ ಹುಡುಗರ ನಯ ಅವರ ಪಾದದಲ್ಲಿ ಇರಲಿಲ್ಲ. ಎರಡು ಸಲ ಕಂಬದ ಕಾಲು ಅಲುಗಿತು. ಆದರೆ ಇತ್ರಿಯ ಸ್ತುತಿಯನ್ನು ಪೂರ್ತಿ ಹಾಡಿದರು. ಮೂರು ಸುತ್ತು ನಡೆದರು. ಕೆಂಪು ಚರ್ಮದ ಹತ್ತಿರ ಆಕೆ ತಿರುಗಿ ನಿಂತಾಗ ಎದುರಿಗೆ ಬಂದವನು ಇಪ್ಪತ್ತರ ಹುಡುಗ. ಇಬ್ಬರೂ ಒಬ್ಬರನ್ನೊಬ್ಬರು ಎಷ್ಟು ಹೊತ್ತು ನೋಡಬೇಕೋ ಅಷ್ಟು ಹೊತ್ತೂ ನೋಡಿ, ಆಮೇಲೆ ತಲೆಬಾಗಿದರು.