ತಿಪಟೂರಿನ ನಾರು, ಆಲಪ್ಪುಳದ ಬಣ್ಣ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಮರ್ಯಾದೆಯೆಲ್ಲ ಉಂಡೆ ಕೊಬ್ಬರಿಗೆ. ಕಾಯಿ ಅಟ್ಟದ ಮೇಲೆ 10–12 ತಿಂಗಳು ಕೂತು, ಒಳಗಿನ ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟಮೇಲೇ ಸುಲಿಯುವುದು. ಉಳಿದ ಮಟ್ಟೆ ಒಲೆಗೋ ನಾರಿನ ಕಾರ್ಖಾನೆಗೋ ಹೋಗುತ್ತದೆ. ಆ ನಾರಿಗೆ ಬಣ್ಣ ಹಾಕಿ ಕಾಲೊರಸು ನೇಯ್ದರೆ ಬೆಲೆ ಏರುತ್ತದೆ ಎಂಬ ಲೆಕ್ಕ ಸರಿಯೇ. ಎಡವುವುದು ಕೇರಳದ ಆಲಪ್ಪುಳದ ಕ್ರಮದಲ್ಲೇ ಇದಕ್ಕೂ ಬಣ್ಣ ಹಿಡಿಸಹೊರಟಾಗ.

ಆಲಪ್ಪುಳದ ಬಿಳಿ ನಾರು ಹಸಿ ಕಾಯಿಯದು. ಅದರ ಮಟ್ಟೆಯನ್ನು ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿ ಬಡಿದು ತೆಗೆಯುತ್ತಾರೆ. ನಾರು ಮೆದು, ಮೈ ಹೊಂಬಣ್ಣ. ಇಲ್ಲಿಯದು ಬಲಿತು, ಒಣಗಿ, ಯಂತ್ರದಲ್ಲಿ ಸೀಳಿಸಿಕೊಂಡ ಕಂದು ನಾರು. ತೆಂಗಿನ ನಾರಿನಲ್ಲಿ ಅದನ್ನು ಗಡಸಾಗಿಸಿ ಕಂದಾಗಿಸುವ ಲಿಗ್ನಿನ್ ಶೇ. 40ಕ್ಕೂ ಮಿಗಿಲು, ಕಾಯಿ ಬಲಿತಷ್ಟೂ ಅದು ಹೆಚ್ಚುತ್ತದೆ. ಬಿಳಿ ನಾರಿಗೆ ಒಪ್ಪುವ ತಿಳಿ ಬಣ್ಣ ಇದರ ಮೇಲೆ ಮಂಕಾಗುವುದು ಅದಕ್ಕೇ.

ಮೈ ನೋಡಿ ಬಣ್ಣ ಆರಿಸಬೇಕೆಂಬುದು ಚರ್ಮ ಹದ ಮಾಡುವವರಿಗೆ ಹೊಸ ಪಾಠವಲ್ಲ. ಕ್ರೋಮ್ ಲವಣದಲ್ಲಿ ಹದವಾದ ತೊಗಲು ಆಸಿಡ್ ಬಣ್ಣವನ್ನು ಗಬಕ್ಕನೆ ಹೀರುತ್ತದೆ. ತಂಗಡಿ ಚಕ್ಕೆಯಲ್ಲಿ ಹದವಾದದ್ದು ಅದೇ ಬಣ್ಣಕ್ಕೆ ಅಷ್ಟು ಒಲಿಯದು, ಬೇಸಿಕ್ ಬಣ್ಣಕ್ಕೆ ಒಲಿಯುತ್ತದೆ. ಹದ ಯಾವುದೆಂದು ನೋಡದೆ ಅವರು ಬಣ್ಣದ ಡಬ್ಬಿ ತೆರೆಯುವುದಿಲ್ಲ.

ನಾರಿನ ಮಟ್ಟಿಗೆ ಪ್ರಯೋಜನ ಖಚಿತವಾಗಿರುವುದು ಕಾಸ್ಟಿಕ್ ಸೋಡಾದ ತೆಳು ದ್ರಾವಣದಿಂದ. ಮೇಲ್ಮೈಯ ಮೇಣ, ಪೆಕ್ಟಿನ್ ಕಳಚಿ ನಾರು ತುಸು ಒರಟಾಗುತ್ತದೆ, ಬಣ್ಣ ಒಳಗಿಳಿಯುತ್ತದೆ. ದ್ರಾವಣ ಗಟ್ಟಿಯಾದರೆ ನಾರೇ ಸೊರಗುತ್ತದೆ. ಹೈಡ್ರೋಜನ್ ಪೆರಾಕ್ಸೈಡ್‌ನಿಂದ ನಾರು ತಿಳಿಯಾಗುವುದೂ ನಿಜ. ಆದರೆ ಒಳಗೆ ಉಳಿದ ಲಿಗ್ನಿನ್ ಬಿಸಿಲಿಗೆ ಮತ್ತೆ ಹಳದಿಗಟ್ಟುತ್ತದೆ. ಇನ್ನು ಬೇಸಿಕ್ ಬಣ್ಣ. ಲಿಗ್ನಿನ್ನಿನ ಆಮ್ಲೀಯ ಗುಂಪುಗಳು ಅದನ್ನು ಬಾಚಿಕೊಳ್ಳುವುದರಿಂದ ಅಂಗಡಿಯೊಳಗೆ ಹೊಳಪು ಕಣ್ಣು ಕುಕ್ಕುತ್ತದೆ. ಬಾಗಿಲ ಹೊರಗೆ ಬಿಸಿಲಿಗೆ ಬಿದ್ದ ಕಾಲೊರಸಿನಲ್ಲಿ ಆ ಹೊಳಪು ಬಾಳುವುದಿಲ್ಲ.

ನೀರಿನ ಲೆಕ್ಕವೂ ಇದೆ. ಪ್ರತಿ ತೊಟ್ಟಿಯಿಂದಲೂ ಕ್ಷಾರವೋ ಬಣ್ಣವೋ ಬೆರೆತ ನೀರು ಹೊರಬೀಳುತ್ತದೆ. ಕೊಳವೆಬಾವಿಯನ್ನು ನಂಬಿ ತೋಟ ಕಾಯುವ ಸೀಮೆಯಲ್ಲಿ ಅದನ್ನು ಹಳ್ಳಕ್ಕೆ ಬಿಟ್ಟು ಕೈತೊಳೆದುಕೊಳ್ಳಲಾಗದು.

ಹಾಗಾಗಿ ತಿಪಟೂರಿನ ನಾರಿಗೆ ತೆಳು ಕ್ಷಾರದ ಒಂದು ಸ್ನಾನ, ಬಿಸಿಲು ತಡೆಯುವ ಕಡು ಕೆಂಪು, ಕಡು ಹಸಿರು, ಕಪ್ಪು, ಇಷ್ಟು ಸಾಕು. ಪೆರಾಕ್ಸೈಡ್ ತಿಳಿ ಬಣ್ಣಕ್ಕೆ ಬೇಡಿಕೆ ಬಂದಾಗ ಮಾತ್ರ. ಬೆಂಗಳೂರಿನಲ್ಲಿರುವ ಕಾಯಿರ್ ಬೋರ್ಡಿನ ಕೇಂದ್ರೀಯ ತಂತ್ರಜ್ಞಾನ ಸಂಸ್ಥೆಯು ಅಟ್ಟದ ಕಾಯಿಯ ನಾರಿಗೆಂದೇ ಬಣ್ಣ, ಅಳತೆ, ನೀರಿನ ವಿಲೇವಾರಿ ತಿಳಿಸುವ ಕನ್ನಡ ಕೈಪಿಡಿಯೊಂದನ್ನು ಈ ಮೂರು ತಾಲ್ಲೂಕುಗಳ ಕಾರ್ಖಾನೆಗಳಿಗೆ ತಲುಪಿಸಲಿ.