ಕುಸ್ಕೋದ ತಟ್ಟೆಯಲ್ಲಿ ಇಲ್ಲದ ಬಂಡಾಯ

ಲ್ಯಾಟಿನ್ ಅಮೆರಿಕದ ವಸಾಹತು ಕಾಲದ ಕಲೆಯನ್ನು ಓದಿಸುವ ಸ್ನಾತಕೋತ್ತರ ತರಗತಿಗಳಲ್ಲಿ ಒಂದು ಚಿತ್ರದ ಸರದಿ ತಪ್ಪುವುದೇ ಇಲ್ಲ. ಪೆರುವಿನ ಕುಸ್ಕೋ ಕೆಥೆಡ್ರಲ್‌ಗಾಗಿ ಮಾರ್ಕೋಸ್ ಸಪಾಟಾ 1753ರ ಸುಮಾರಿಗೆ ಬರೆದ ‘ಕೊನೆಯ ಭೋಜನ’ ಅದು. ಕ್ರಿಸ್ತನ ಮುಂದಿನ ತಟ್ಟೆಯಲ್ಲಿ ಕುರಿಮರಿಯಿಲ್ಲ. ಕಾಲು ಮೇಲೆತ್ತಿ ಅಂಗಾತ ಬಿದ್ದ ಕುಯ್, ಅಂದರೆ ಗಿನಿಪಿಗ್, ಇದೆ. ಸ್ಥಳೀಯ ಕಲಾವಿದ ಸ್ಪೇನಿನವರ ಕಣ್ಣಿಗೆ ಮಣ್ಣೆರಚಿದ ಎಂಬ ಖ್ಯಾತಿ ನಿಂತಿರುವುದು ಇಷ್ಟರ ಮೇಲೆ. ಜೂದಾಸನ ಮುಖ ಇಂಕಾ ನಾಡನ್ನು ಗೆದ್ದ ಸ್ಪೇನಿನ ಪಿಸಾರೋನದು ಎಂದು ಗೈಡುಗಳು ಒಗ್ಗರಣೆ ಬೇರೆ ಹಾಕುತ್ತಾರೆ.

ತಟ್ಟೆಯನ್ನೇ ನೋಡೋಣ. ಅದು ಮೂಲೆಯಲ್ಲಿಲ್ಲ, ಮೇಜಿನ ನಡುವೆ, ಎಲ್ಲರ ಕಣ್ಣು ಬೀಳುವಲ್ಲಿದೆ. ಚಿತ್ರ ತೂಗಿರುವುದೋ ಬಿಷಪ್ಪರ ಪೀಠವಿರುವ ಕೆಥೆಡ್ರಲ್‌ನಲ್ಲಿ. ಪಾದ್ರಿಗಳಿಗೆ ಅದು ಕಾಣಲಿಲ್ಲವೇ? ಕಂಡೂ ಸುಮ್ಮನಿದ್ದರು ಎಂದರೆ ಗುಟ್ಟೆಲ್ಲಿ ಉಳಿಯಿತು? ಆಂಡಿಸ್‌ನಲ್ಲಿ ಕುಯ್ ಹಬ್ಬದ ಅಡುಗೆ. ಪಾಸ್ಕದ ಪಂಕ್ತಿಯಲ್ಲಿ ಊರಿನ ಹಬ್ಬದೂಟ ಬಡಿಸಿದರೆ ಚರ್ಚಿಗೆ ನಷ್ಟವೇನೂ ಇಲ್ಲ, ಅನುಕೂಲವೇ. ಕುಯ್ ಬಲಿಯ ಪ್ರಾಣಿಯೂ ಹೌದು, ಒಪ್ಪುತ್ತೇನೆ; ವಿಗ್ರಹಾರಾಧನೆಯನ್ನು ಬೇರುಸಹಿತ ಕೀಳಲು ಹೊರಟ ಜೆಸ್ವಿಟ್ ಪಾದ್ರಿ ಆರ್ರಿಯಾಗ 1621ರಲ್ಲೇ ಅದನ್ನು ಬರೆದಿಟ್ಟಿದ್ದಾನೆ. ಆದರೆ ಕುರಿಮರಿಯೂ ಬಲಿಯ ಪ್ರಾಣಿಯೇ ತಾನೆ? ಬಲಿಯ ಜಾಗಕ್ಕೆ ಬಲಿ ಬಂದರೆ ಬಂಡಾಯ ಹೇಗಾಯಿತು?

ವಸಾಹತು ಚಿತ್ರಗಳಲ್ಲಿ ಸ್ಥಳೀಯತೆಯ ಕುರುಹು ಹುಡುಕುವ ಈ ಬೇಟೆಗೆ ಮೂಲ ಕಲಾ ಇತಿಹಾಸಕಾರ ಜಾರ್ಜ್ ಕುಬ್ಲರ್ ಮೇಲಿನ ಸಿಟ್ಟು. ಕೊಲಂಬಸ್‌ಪೂರ್ವ ಕಲೆಯ ಆಕೃತಿಗಳು ವಸಾಹತಿನಲ್ಲಿ ಬಹುಪಾಲು ಅಳಿದುಹೋದವು ಎಂದು ಅವನು 1961ರಲ್ಲಿ ಬರೆದ. ಅವನನ್ನು ಸುಳ್ಳಾಗಿಸಲು ಹೊರಟವರು ಇನ್ನೂ ಚೂರುಗಳನ್ನು ಹೆಕ್ಕುತ್ತಲೇ ಇದ್ದಾರೆ. ಸ್ಥಳೀಯ ಮತ್ತು ಯುರೋಪಿನ ಅಂಶಗಳ ಕಣ್ಣಿಗೆ ಬೀಳುವ ಬೆರಕೆಯನ್ನಷ್ಟೇ ಹುಡುಕಿದರೆ, ಬೆರಕೆ ಕಾಣದ ಕಡೆ ದುಡಿದ ಸ್ಥಳೀಯರು ಮರೆಯಾಗುತ್ತಾರೆ ಎಂದು ಕಲಾ ಇತಿಹಾಸಕಾರರಾದ ಕ್ಯಾರೊಲಿನ್ ಡೀನ್ ಮತ್ತು ಡಾನಾ ಲೀಬ್‌ಸೋನ್ 2003ರ ಲೇಖನವೊಂದರಲ್ಲಿ ಎಚ್ಚರಿಸಿದರು. ಆ ಲೇಖನವನ್ನು ಒಂದು ವಾರ ಓದಿಸಿ, ಮರುವಾರ ಕುಯ್‌ನ ಸ್ಲೈಡ್ ಹಾಕುವವರಿಗೇನೂ ಕೊರತೆಯಿಲ್ಲ. ಇವರ ಉತ್ಸಾಹಕ್ಕಿಂತ ಕುಬ್ಲರನ ಹಠವೇ ನನಗೆ ವಾಸಿ.

ಸಪಾಟಾನ ನಿಜವಾದ ಕಸುಬುಗಾರಿಕೆ ಬೇರೆ ಕಡೆ ಇದೆ. ಅದೇ ಕೆಥೆಡ್ರಲ್‌ಗೆ ಅವನು 1755ರಲ್ಲಿ ಮೇರಿ ಮಾತೆಯ ಲೊರೆಟೋ ಸ್ತುತಿಮಾಲೆಯನ್ನು ಕುರಿತ ಚಿತ್ರಸರಣಿ ಬರೆದ. ಮುಂದಿಟ್ಟುಕೊಂಡದ್ದು 1750ರಲ್ಲಿ ಔಗ್ಸ್‌ಬರ್ಗ್‌ನಲ್ಲಿ ಅಚ್ಚಾದ ಪುಸ್ತಕದ ಕೆತ್ತನೆ ಚಿತ್ರಗಳನ್ನು. ಐದೇ ವರ್ಷದಲ್ಲಿ ಜರ್ಮನಿಯ ಹಾಳೆ ಆಂಡಿಸ್‌ನ ಗೋಡೆ ಏರಿತ್ತು. ಕಪ್ಪುಬಿಳುಪಿನ ಪುಟಕ್ಕೆ ಯಾವ ಬಣ್ಣ ಕೂಡಿಸಬೇಕು, ಹಿಗ್ಗಿಸುವಾಗ ಏನನ್ನು ಕೈಬಿಡಬೇಕು ಎಂದು ತೀರ್ಮಾನಿಸಿದವನು ಅವನೇ. ಇಂಥ ಮೂಲಗಳನ್ನೂ ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟು ತೋರಿಸುವ ‘ಪೆಸ್ಕಾ’ (PESSCA) ಎಂಬ ಅಂತರ್ಜಾಲ ಸಂಗ್ರಹ ಎಲ್ಲರಿಗೂ ತೆರೆದಿದೆ. ಅಧ್ಯಾಪಕರು ವಿದ್ಯಾರ್ಥಿಗಳನ್ನು ಮೊದಲು ಅಲ್ಲಿಗೆ ಕಳಿಸಲಿ. ಕುಯ್ ಕಡೆಯ ವಾರಕ್ಕಿರಲಿ.